ಫೋಟೊ ನ್ಯಾಸ್‌ನಲ್ಲಿ, ಲೈಟ್‌ರೂಮ್ ಇಲ್ಲಿ, ನಡುವೆ ಒಂದು ವೈರು

ಮದುವೆ ಸೀಸನ್ ಬಂತೆಂದರೆ ಸ್ಟುಡಿಯೊಗಳಲ್ಲಿ ಈ ಮಾತು ಶುರುವಾಗುತ್ತದೆ: "ಹೊಸ ಕಂಪ್ಯೂಟರು, 32 ಜಿಬಿ ರ‍್ಯಾಮು, ಗ್ರಾಫಿಕ್ಸ್ ಕಾರ್ಡೂ ಹಾಕ್ಸಿದೀವಿ. ಆದ್ರೂ ಲೈಟ್‌ರೂಮು ಒದ್ದಾಡ್ತಿದೆ." ಲೈಟ್‌ರೂಮ್ ಅಂದರೆ ಫೋಟೊ ತಿದ್ದುವ ಸಾಫ್ಟ್‌ವೇರ್. ಮುಂದೆ ವಿಚಾರಿಸಿದರೆ ಫೋಟೊಗಳು ಆ ಕಂಪ್ಯೂಟರಿನಲ್ಲೇ ಇಲ್ಲ. ಮೂಲೆಯಲ್ಲಿ ಗುಯ್‌ಗುಟ್ಟುತ್ತಿರುವ ನ್ಯಾಸ್ ಪೆಟ್ಟಿಗೆಯಲ್ಲಿ, ಅಂದರೆ ನೆಟ್‌ವರ್ಕಿಗೆ ಸೇರಿಸಿಟ್ಟ ಡಿಸ್ಕುಗಳ ಪೆಟ್ಟಿಗೆಯಲ್ಲಿವೆ. ಎಲ್ಲ ಒಂದೇ ಕಡೆ ಇರಲಿ, ಬ್ಯಾಕಪ್ ಸುಲಭವಾಗಲಿ, ಇಬ್ಬರು ಎಡಿಟರ್‌ಗಳಿಗೂ ಸಿಗಲಿ ಅನ್ನುವ ಲೆಕ್ಕ. ಲೆಕ್ಕ ಸರಿಯೇ ಇದೆ. ಆದರೆ ಯಾವುದನ್ನು ಅಲ್ಲಿಡಬೇಕು, ಯಾವುದನ್ನು ಇಲ್ಲೇ ಉಳಿಸಿಕೊಳ್ಳಬೇಕು ಅನ್ನುವುದನ್ನು ಯಾರೂ ಯೋಚಿಸಿರುವುದಿಲ್ಲ.

ಲೈಟ್‌ರೂಮಿನಲ್ಲಿ ಫೋಟೊ ತಿದ್ದುವ ಭಾಗವಾದ ಡೆವಲಪ್ ಮಾಡ್ಯೂಲಿನಲ್ಲಿ ಮುಂದಿನ ಫೋಟೊಗೆ ಹೋಗಲು ಬಾಣದ ಕೀ ಒತ್ತಿದಾಗ ಏನಾಗುತ್ತದೆ ನೋಡಿ. ಲೈಬ್ರರಿಯ ಗ್ರಿಡ್‌ನಲ್ಲಿ ಕಾಣುವುದು ಮೊದಲೇ ಮಾಡಿಟ್ಟ ಪ್ರಿವ್ಯೂ. ಅದಕ್ಕೆ ಮೂಲ ಫೈಲು ಬೇಕಿಲ್ಲ. ಡೆವಲಪ್‌ಗೆ ಬಂದರೆ ರಾ ಫೈಲೇ, ಅಂದರೆ ಕ್ಯಾಮೆರಾ ಬರೆದ ಕಚ್ಚಾ ಮೂಲವೇ ಬೇಕು. 45 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಸುಮಾರು 50 ಎಂಬಿ. ಗಿಗಾಬಿಟ್ ವೈರಿನಲ್ಲಿ ಕಾಗದದ ಮೇಲೆ ಸೆಕೆಂಡಿಗೆ 125 ಎಂಬಿ, ಕೈಗೆ ಸಿಗುವುದು 110ರ ಆಸುಪಾಸು. ಹಾಗಾಗಿ ಆ ಫೈಲು ಬರಲು ಅರ್ಧ ಸೆಕೆಂಡು. 100 ಮೆಗಾಬಿಟ್ ವೈರಾದರೆ ಸಿಗುವುದು 11 ಎಂಬಿ, ಒಂದು ಫೋಟೊಗೆ ನಾಲ್ಕೂವರೆ ಸೆಕೆಂಡು. ಗೋಡೆಯಾಚೆಗಿನ ವೈಫೈಯಲ್ಲಿ 30 ಎಂಬಿ ಸಿಕ್ಕರೂ ಒಂದೂವರೆ ಸೆಕೆಂಡಿಗೆ ಮೇಲೆ. ರಾ ಫೈಲನ್ನು ಬಿಡಿಸಿ ಚಿತ್ರವಾಗಿಸುವ ಕೆಲಸ ಇನ್ನೂ ಶುರುವೇ ಆಗಿಲ್ಲ, ಇದು ಬರೀ ತರುವ ಹೊತ್ತು. ಸಾವಿರ ಫೋಟೊ ಇರುವ ಕೆಲಸಕ್ಕೆ ಇದನ್ನು ಗುಣಿಸಿಕೊಳ್ಳಿ.

ಇಷ್ಟೇ ಆಗಿದ್ದರೆ ದಪ್ಪ ವೈರು ತಂದು ಮುಗಿಸಬಹುದಿತ್ತು. ಹೆಚ್ಚು ಕಾಡುವುದು ವೇಗವಲ್ಲ, ಓಡಾಟದ ಎಣಿಕೆ. ಅಂಗಡಿಯಿಂದ 25 ಕೆಜಿ ಅಕ್ಕಿ ಮೂಟೆಯನ್ನು ಒಂದೇ ಸಲಕ್ಕೆ ತರಬಹುದು. ಒಗ್ಗರಣೆ ಇಟ್ಟುಕೊಂಡು ಸಾಸಿವೆಗೊಂದು ಸಲ, ಕರಿಬೇವಿಗೊಂದು ಸಲ, ಇಂಗಿಗೊಂದು ಸಲ ಓಡಿದರೆ ಎಣ್ಣೆ ಹೊತ್ತಿಹೋಗುತ್ತದೆ. ನೆಟ್‌ವರ್ಕಿನಲ್ಲಿ ಒಂದು ಫೈಲು ಮುಟ್ಟುವುದೆಂದರೆ ತೆರೆ, ಬೀಗ ಹಾಕು, ಓದು, ಬರೆ, ಮುಚ್ಚು ಎಂದು ಹಲವು ಸಲ ಹೋಗಿಬರುವುದು. ಒಂದು ಫೋಟೊಗೆ ಮಾಡಿದ ಬದಲಾವಣೆಗಳನ್ನು ಬರೆದಿಡುವ ಎಕ್ಸ್‌ಎಂಪಿ ಫೈಲು ಹತ್ತು ಕೆಬಿ ಇದೆ ಅಂದುಕೊಳ್ಳಿ. 3000 ಫೈಲು ಸೇರಿದರೆ 30 ಎಂಬಿ, ಒಂದು ರಾ ಫೈಲಿನಷ್ಟೂ ಇಲ್ಲ. ಆದರೆ ಒಂದೊಂದಕ್ಕೆ 20 ಮಿಲಿಸೆಕೆಂಡ್ ಹಿಡಿದರೂ ಪೂರಾ ಒಂದು ನಿಮಿಷ. ಆ ನಿಮಿಷವಿಡೀ ವೈರು ಬಹುಪಾಲು ಖಾಲಿ ಕೂತಿರುತ್ತದೆ. ಆದ್ದರಿಂದ ದೊಡ್ಡದು, ಅಪರೂಪಕ್ಕೆ ಓದುವಂಥದ್ದು ನ್ಯಾಸ್‌ಗೆ ಹೋಗಲಿ. ಸಣ್ಣದು, ಪದೇಪದೇ ಬರೆಯುವಂಥದ್ದು ಕಂಪ್ಯೂಟರಿನ ಎಸ್‌ಎಸ್‌ಡಿಯಲ್ಲೇ ಇರಲಿ.

ಏನನ್ನಾದರೂ ಕೊಳ್ಳುವ ಮೊದಲು ಒಂದು ಪರೀಕ್ಷೆ. 30 ರಾ ಫೈಲುಗಳನ್ನು ಒಳಗಿನ ಎಸ್‌ಎಸ್‌ಡಿಗೆ ಹಾಕಿ, ಹೊಸ ಖಾಲಿ ಕ್ಯಾಟಲಾಗ್ (ಫೋಟೊಗಳ ಪಟ್ಟಿಯನ್ನೂ ಬದಲಾವಣೆಗಳನ್ನೂ ಲೈಟ್‌ರೂಮ್ ಬರೆದಿಟ್ಟುಕೊಳ್ಳುವ ಫೈಲು) ಮಾಡಿ, ಅದೇ ಕೆಲಸ ಮಾಡಿ ನೋಡಿ. ಅಲ್ಲೂ ಒದ್ದಾಡಿದರೆ ನೆಟ್‌ವರ್ಕನ್ನು ಬೈದು ಪ್ರಯೋಜನವಿಲ್ಲ: ಗ್ರಾಫಿಕ್ಸ್ ಡ್ರೈವರ್, ರ‍್ಯಾಮ್, ಫೋಟೊಗೆ ಏಳೆಂಟು ಎಐ ಮಾಸ್ಕ್ ಹಾಕಿರುವುದು, ಇವುಗಳ ಕಡೆ ತಿರುಗಬೇಕು. ಅಲ್ಲಿ ಚುರುಕಾಗಿ ಓಡಿದರೆ ಮುಂದೆ ಓದಿ.

ನಿಧಾನವಾಗುವ ಹೊತ್ತಿಗೇ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟ ನೋಡಿ (ಮ್ಯಾಕ್‌ನಲ್ಲಿ ಆ್ಯಕ್ಟಿವಿಟಿ ಮಾನಿಟರ್). ಈಥರ್ನೆಟ್ ಗ್ರಾಫು ಮೇಲೇರಿ ಹಲಗೆಯಂತೆ ಚಪ್ಪಟೆಯಾಗಿ ನಿಂತಿದ್ದರೆ ವೈರಿನ ಅಗಲ ಸಾಲದು. ಸಿಪಿಯು 100ರಲ್ಲಿ ಕೂತು ನೆಟ್‌ವರ್ಕು ತಣ್ಣಗಿದ್ದರೆ ಕಂಪ್ಯೂಟರಿನದೇ ತೊಂದರೆ. ಎರಡೂ ತಣ್ಣಗಿದ್ದು ಪರದೆ ಮಾತ್ರ ಸ್ತಬ್ಧವಾಗಿದ್ದರೆ ಯಾವುದೋ ಉತ್ತರಕ್ಕಾಗಿ ಕಾಯುತ್ತಿದೆ ಎಂದರ್ಥ. ಈ ಮೂರನೆಯದಕ್ಕೆ 10 ಗಿಗಾಬಿಟ್ ಸ್ವಿಚ್ (ನೆಟ್‌ವರ್ಕ್ ವೈರುಗಳನ್ನು ಕೂಡಿಸುವ ಪೆಟ್ಟಿಗೆ) ತಂದರೆ ದುಡ್ಡು ಹೊಳೆಗೆ ಹಾಕಿದ ಹಾಗೆ.

ಅಗಲ ಅಳೆಯಲು 5 ಜಿಬಿಯ ಒಂದೇ ವಿಡಿಯೊ ಫೈಲನ್ನು ನ್ಯಾಸ್‌ನಿಂದ ಕಾಪಿ ಮಾಡಿ. ಗಿಗಾಬಿಟ್ ಸರಿಯಿದ್ದರೆ ಮುಕ್ಕಾಲು ನಿಮಿಷ. ಏಳೆಂಟು ನಿಮಿಷ ಹಿಡಿದರೆ ನಡುವೆ ಎಲ್ಲೋ ಒಂದು ಕಡೆ 100 ಮೆಗಾಬಿಟ್ ಇದೆ, ಅನುಮಾನವೇ ಬೇಡ. ಎರಡನೇ ಸಲ ಅಳೆಯುವಾಗ ಬೇರೆ ಫೈಲು ತಗೊಳ್ಳಿ. ಒಮ್ಮೆ ಓದಿದ್ದನ್ನು ನ್ಯಾಸ್ ತನ್ನ ರ‍್ಯಾಮಿನಲ್ಲಿಟ್ಟುಕೊಂಡು ಕೊಡುವುದರಿಂದ ಸುಳ್ಳು ವೇಗ ತೋರುತ್ತದೆ.

ಆ 100 ಮೆಗಾಬಿಟ್ ಎಲ್ಲಿಂದ ಬಂತು? ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ನಮ್ಮ ಊರುಗಳ ಸ್ಟುಡಿಯೊಗಳಲ್ಲಿ ಎಷ್ಟೋ ಸಲ ನೆಟ್‌ವರ್ಕ್ ಎಳೆದವರು ಸಿಸಿ ಕ್ಯಾಮೆರಾ ಹಾಕಲು ಬಂದವರೇ. ನೆಟ್‌ವರ್ಕ್ ವೈರಿನೊಳಗೆ ಎಂಟು ಎಳೆ, ನಾಲ್ಕು ಜೋಡಿ. ಬಿ ಎಂಬ ಬಣ್ಣಗಳ ಕ್ರಮದಲ್ಲಿ ಕ್ರಿಂಪ್ ಮಾಡಿದ್ದರೆ (ತುದಿಗೆ ಕನೆಕ್ಟರ್ ಒತ್ತಿ ಕೂರಿಸಿದ್ದರೆ) ಪಿನ್ನುಗಳ ಸಾಲು ಬಿಳಿ-ಆರೆಂಜ್, ಆರೆಂಜ್, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಬ್ರೌನ್, ಬ್ರೌನ್. 100 ಮೆಗಾಬಿಟ್‌ಗೆ 1, 2, 3, 6ನೇ ಪಿನ್ ಸಾಕು, ಅಂದರೆ ಆರೆಂಜ್ ಮತ್ತು ಹಸಿರು ಜೋಡಿ. ಗಿಗಾಬಿಟ್‌ಗೆ ಎಂಟೂ ಬೇಕು. ಬ್ರೌನ್ ಎಳೆ ಒಂದು ಕನೆಕ್ಟರಿನ ತುದಿಯವರೆಗೆ ಮುಟ್ಟಿಲ್ಲ ಅನ್ನಿ. ಲೈಟು ಹತ್ತುತ್ತದೆ, ಇಂಟರ್ನೆಟ್ ಬರುತ್ತದೆ, ಯೂಟ್ಯೂಬ್ ಓಡುತ್ತದೆ. ಎರಡೂ ಕಡೆಯ ಪೋರ್ಟುಗಳು ಸದ್ದಿಲ್ಲದೆ 100ಕ್ಕೆ ಒಪ್ಪಂದ ಮಾಡಿಕೊಂಡಿರುತ್ತವೆ, ಅಷ್ಟೆ. ಕನೆಕ್ಟರನ್ನು ಬೆಳಕಿಗೆ ಹಿಡಿದು ಮುಂಭಾಗದಿಂದ ನೋಡಿದರೆ ಎಂಟು ತಾಮ್ರದ ಚುಕ್ಕೆಗಳು ಒಂದೇ ಮಟ್ಟದಲ್ಲಿ ಕಾಣಬೇಕು. ಏಳೇ ಕಂಡರೆ, ಅಥವಾ ಒಂದು ಒಳಗೆ ಸರಿದಿದ್ದರೆ, ಕತ್ತರಿಸಿ ಹೊಸದು ಹಾಕಿ. ಚುಕ್ಕೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇರಬಹುದು. ಅಗ್ಗಕ್ಕೆ ಸಿಗುತ್ತದೆ, ಬಗ್ಗಿಸಿದಲ್ಲಿ ಮುರಿಯುತ್ತದೆ. ಅದಕ್ಕೆ ಮತ್ತೆ ಮತ್ತೆ ಕ್ರಿಂಪ್ ಮಾಡುವ ಬದಲು ಶುದ್ಧ ತಾಮ್ರದ ಕ್ಯಾಟ್ 6 ಎಳೆಸುವುದು ಮೇಲು.

ವೈರು ಸರಿಯಿದ್ದರೆ ಸ್ವಿಚ್ ನೋಡಿ. ಕ್ಯಾಮೆರಾಗೆ ವೈರಿನಲ್ಲೇ ಕರೆಂಟು ಕೊಡುವ ಪಿಒಇ ಸ್ವಿಚ್‌ಗಳಲ್ಲಿ ಹಲವಕ್ಕೆ ಅಪ್‌ಲಿಂಕ್, ಅಂದರೆ ರೌಟರ್ ಕಡೆಗೆ ಹೋಗುವ ಒಂದೆರಡು ಪೋರ್ಟು ಮಾತ್ರ ಗಿಗಾಬಿಟ್, ಉಳಿದವು 100. ಎಡಿಟಿಂಗ್ ಕಂಪ್ಯೂಟರನ್ನು ಅದರ ಮೂರನೇ ಪೋರ್ಟಿಗೆ ಚುಚ್ಚಿದ್ದರೆ ಅಲ್ಲೇ ಕುತ್ತಿಗೆ ಹಿಸುಕಿದ ಹಾಗೆ. ಇಂಟರ್ನೆಟ್ ಕಂಪನಿಯವರು ಕೊಟ್ಟ ರೌಟರ್‌ಗಳಲ್ಲೂ ಕೆಲವದರ ಕಥೆ ಇದೇ. ಪತ್ತೆ ಮಾಡುವುದು ಕಷ್ಟವಲ್ಲ: ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಈಥರ್ನೆಟ್ ಎಂದು ಹೋದರೆ ಲಿಂಕ್ ಸ್ಪೀಡ್ ಬರೆದಿರುತ್ತದೆ. 1000/1000 ಇರಬೇಕು. ನ್ಯಾಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲೂ ಅದರ ಕಡೆಯ ವೇಗ ನೋಡಿ, ಏಕೆಂದರೆ ದೋಷ ಆ ಬದಿಯ ವೈರಿನಲ್ಲೂ ಇರಬಹುದು. ಬೇರೆ ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ ತಂದು ಕಂಪ್ಯೂಟರ್, ನ್ಯಾಸ್ ಎರಡನ್ನೂ ಅದಕ್ಕೇ ಹಾಕಿ, ಅಲ್ಲಿಂದ ಒಂದು ವೈರು ರೌಟರಿಗೆ ಕೊಟ್ಟರೆ ಮುಗಿಯಿತು. ವೈಫೈ ಮೇಲೆ ರಾ ಎಡಿಟಿಂಗ್ ಬೇಡ. ವೇಗ ಸಿಕ್ಕರೂ ಹೋಗಿಬರುವ ಸಮಯ ಒಂದೊಂದು ಕ್ಷಣಕ್ಕೆ ಒಂದೊಂದು ಥರ ಇರುತ್ತದೆ.

ಇನ್ನು ಸಾಫ್ಟ್‌ವೇರ್ ಕಡೆಗೆ. ಲೈಟ್‌ರೂಮ್ ಕ್ಲಾಸಿಕ್‌ನ ಕ್ಯಾಟಲಾಗ್ ಅಂದರೆ ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್. ಸ್ಲೈಡರ್ ಒಮ್ಮೆ ಜರುಗಿಸಿದರೂ ಅದರಲ್ಲಿ ಸಣ್ಣಸಣ್ಣ ಬರವಣಿಗೆ ನಡೆಯುತ್ತದೆ. ನೆಟ್‌ವರ್ಕ್ ಹಂಚಿಕೆಗಳ ಮೇಲೆ ಫೈಲಿನ ಬೀಗ ನಂಬಿಕಸ್ಥವಲ್ಲ ಎಂದು ಎಸ್‌ಕ್ಯೂಲೈಟ್ ಮಾಡಿದವರೇ ಎಚ್ಚರಿಸುತ್ತಾರೆ. ನ್ಯಾಸ್‌ನಲ್ಲಿಟ್ಟ ಕ್ಯಾಟಲಾಗನ್ನು ಲೈಟ್‌ರೂಮ್ ತೆರೆಯಲು ಒಪ್ಪದಿರುವುದು ಇದಕ್ಕೇ. ಅದನ್ನು ಯಾಮಾರಿಸಿ ತೆರೆಯುವ ಉಪಾಯಗಳು ಓಡಾಡುತ್ತಿರುತ್ತವೆ. ಆ ದಾರಿ ಹಿಡಿಯಬೇಡಿ. ನಿಧಾನವಾಗುವುದು ಹಾಗಿರಲಿ, ಬರೆಯುತ್ತಿರುವಾಗ ಸಂಪರ್ಕ ಕಡಿದರೆ ಕ್ಯಾಟಲಾಗೇ ಕೆಡಬಹುದು. ಕ್ಯಾಟಲಾಗ್ ಮತ್ತು ಅದರ ಪಕ್ಕದ ಪ್ರಿವ್ಯೂ ಫೋಲ್ಡರ್ ಎರಡೂ ಕಂಪ್ಯೂಟರಿನ ಎಸ್‌ಎಸ್‌ಡಿಯಲ್ಲಿರಲಿ, ಮುಚ್ಚುವಾಗ ಕೇಳುವ ಬ್ಯಾಕಪ್ ಮಾತ್ರ ನ್ಯಾಸ್‌ಗೆ ಹೋಗಲಿ.

ಇದರಲ್ಲೊಂದು ಕಣ್ಣಿಗೆ ಬೀಳದ ಗುಂಡಿ ಇದೆ. ಲೈಟ್‌ರೂಮ್ ತಾನಾಗಿ ಕ್ಯಾಟಲಾಗ್ ಮಾಡುವುದು ಪಿಕ್ಚರ್ಸ್ ಫೋಲ್ಡರಿನೊಳಗೆ. ವಿಂಡೋಸ್ ಹಾಕುವಾಗ ಕೇಳಿದ್ದಕ್ಕೆಲ್ಲ ಸರಿ ಒತ್ತಿದ್ದರೆ ಆ ಪಿಕ್ಚರ್ಸ್ ಫೋಲ್ಡರ್ ಒನ್‌ಡ್ರೈವ್‌ನ ಬ್ಯಾಕಪ್‌ಗೆ ಸೇರಿಹೋಗಿರುತ್ತದೆ. ಆಗ ಕ್ಯಾಟಲಾಗ್ ಬದಲಾದಂತೆಲ್ಲ ಒನ್‌ಡ್ರೈವ್ ಅದನ್ನು ಮೇಲಕ್ಕೆ ಕಳಿಸಲು ನೋಡುತ್ತದೆ, ಪ್ರಿವ್ಯೂ ಫೋಲ್ಡರಿನ ಸಾವಿರಾರು ಚೂರುಗಳನ್ನು ಎಣಿಸುತ್ತ ಕೂರುತ್ತದೆ. ಕ್ಯಾಟಲಾಗ್ ಸೆಟ್ಟಿಂಗ್ಸ್‌ನ ಜನರಲ್ ಟ್ಯಾಬಿನಲ್ಲಿ ಲೊಕೇಶನ್ ಓದಿ. ಒನ್‌ಡ್ರೈವ್ ಎಂಬ ಹೆಸರು ಕಂಡರೆ ಲೈಟ್‌ರೂಮ್ ಮುಚ್ಚಿ, ಇಡೀ ಫೋಲ್ಡರನ್ನು ಡಿ ಡ್ರೈವಿಗೋ ಸಿ ಡ್ರೈವಿನ ಬೇರೆ ಜಾಗಕ್ಕೋ ಸಾಗಿಸಿ, ಅಲ್ಲಿಂದ ಕ್ಯಾಟಲಾಗ್ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯಿರಿ.

ನೆಟ್‌ವರ್ಕಿನ ಮೇಲೆ ಕೆಲಸ ಮಾಡುವವರಿಗೆ ಲೈಟ್‌ರೂಮ್ ಕೊಟ್ಟಿರುವ ನಿಜವಾದ ಔಷಧಿ ಸ್ಮಾರ್ಟ್ ಪ್ರಿವ್ಯೂ. 2013ರಲ್ಲಿ ಲೈಟ್‌ರೂಮ್ 5ರ ಜೊತೆ ಬಂತು. ಉದ್ದದ ಬದಿ 2560 ಪಿಕ್ಸೆಲ್ ಇರುವ, ರಾ ಗುಣವನ್ನು ಬಹುಮಟ್ಟಿಗೆ ಉಳಿಸಿಕೊಂಡ ಚಿಕ್ಕ ಡಿಎನ್‌ಜಿ (ಅಡೋಬಿಯ ರಾ ಮಾದರಿಯ ಫೈಲು) ಅದು. ಒಂದೊಂದು ಹೆಚ್ಚುಕಡಿಮೆ 1 ಎಂಬಿ. 3000 ಫೋಟೊಗಳ ಮದುವೆಗೆ ಎಸ್‌ಎಸ್‌ಡಿಯಲ್ಲಿ ಮೂರು ಜಿಬಿ ಆಸುಪಾಸು ಹೋಗುತ್ತದೆ, ಅಷ್ಟೇ. ಇಂಪೋರ್ಟ್ ಮಾಡುವಾಗ ಬಿಲ್ಡ್ ಸ್ಮಾರ್ಟ್ ಪ್ರಿವ್ಯೂಸ್ ಗುರುತು ಹಾಕಿ ಊಟಕ್ಕೆ ಹೋಗಿ. ಆದರೆ ಇಲ್ಲಿಗೆ ಮುಗಿಯಲಿಲ್ಲ. ಮೂಲ ಫೈಲು ಕೈಗೆ ಸಿಗುತ್ತಿರುವಷ್ಟು ಹೊತ್ತೂ ಲೈಟ್‌ರೂಮ್ ಅದನ್ನೇ ಓದುತ್ತದೆ, ಸ್ಮಾರ್ಟ್ ಪ್ರಿವ್ಯೂ ಸುಮ್ಮನೆ ಬಿದ್ದಿರುತ್ತದೆ. ಪ್ರಿಫರೆನ್ಸಸ್‌ನ ಪರ್ಫಾರ್ಮೆನ್ಸ್ ಟ್ಯಾಬಿನಲ್ಲಿ, ಎಡಿಟಿಂಗ್‌ಗೆ ಮೂಲದ ಬದಲು ಸ್ಮಾರ್ಟ್ ಪ್ರಿವ್ಯೂ ಬಳಸು ಎಂಬ ಗುರುತನ್ನೂ ಹಾಕಬೇಕು. ಈ ಎರಡನೇ ಗುರುತು ಬಿಟ್ಟು "ಸ್ಮಾರ್ಟ್ ಪ್ರಿವ್ಯೂನಿಂದ ಏನೂ ಆಗ್ಲಿಲ್ಲ" ಅನ್ನುವವರು ಬಹಳ. ಬಣ್ಣ, ಎಕ್ಸ್‌ಪೋಶರ್, ಕ್ರಾಪ್ ಎಲ್ಲ ಇದರಲ್ಲೇ ಆಗುತ್ತದೆ. 100 ಪರ್ಸೆಂಟ್ ಜೂಮ್ ಮಾಡಿದಾಗ ಮೂಲಕ್ಕೆ ಹೋಗುತ್ತದೆ, ಎಕ್ಸ್‌ಪೋರ್ಟ್ ಕೂಡ ಮೂಲದಿಂದಲೇ. ಶಾರ್ಪ್‌ನೆಸ್ ಮತ್ತು ನಾಯ್ಸ್ ಮಾತ್ರ ಚಿಕ್ಕ ಚಿತ್ರ ನೋಡಿ ತೀರ್ಮಾನಿಸಬೇಡಿ. ಮಂಟಪದ ಮಬ್ಬು ಬೆಳಕಿನಲ್ಲಿ ಹೈ ಐಎಸ್ಒದಲ್ಲಿ ತೆಗೆದದ್ದು 2560 ಪಿಕ್ಸೆಲ್‌ಗೆ ಕುಗ್ಗಿದಾಗ ಇರುವುದಕ್ಕಿಂತ ನುಣುಪಾಗಿ ಕಾಣುತ್ತದೆ.

ಅದೇ ಟ್ಯಾಬಿನಲ್ಲಿ ಕ್ಯಾಮೆರಾ ರಾ ಕ್ಯಾಶ್ ಇದೆ. ರಾ ಫೈಲನ್ನು ಅರ್ಧ ಬಿಡಿಸಿಟ್ಟುಕೊಳ್ಳುವ ಜಾಗ ಅದು. ಹಳೆಯ ಆವೃತ್ತಿಗಳಲ್ಲಿ 1 ಜಿಬಿ, ಈಚಿನವುಗಳಲ್ಲಿ 5 ಜಿಬಿ ಇರುತ್ತದೆ. ಒಂದು ಮದುವೆಗೇ ಅದು ತುಂಬಿ, ಹಳೆಯದನ್ನು ಅಳಿಸಿ ಹೊಸದನ್ನು ಇಡುತ್ತ ಇರುತ್ತದೆ. 30ರಿಂದ 50 ಜಿಬಿ ಕೊಡಿ, ಎಸ್‌ಎಸ್‌ಡಿ ಮೇಲಿರಲಿ. ಮತ್ತೆ ಕ್ಯಾಟಲಾಗ್ ಸೆಟ್ಟಿಂಗ್ಸ್‌ನ ಮೆಟಾಡೇಟಾ ಟ್ಯಾಬಿನಲ್ಲಿ, ಬದಲಾವಣೆಗಳನ್ನು ತಾನಾಗಿ ಎಕ್ಸ್‌ಎಂಪಿಗೆ ಬರೆಯುವ ಗುರುತು ತೆಗೆದುಬಿಡಿ. ಅದಿದ್ದರೆ 400 ಫೋಟೊಗಳಿಗೆ ಒಂದು ಸೆಟ್ಟಿಂಗ್ ಸಿಂಕ್ ಮಾಡಿದಾಗ 400 ಸಣ್ಣ ಫೈಲುಗಳು ನ್ಯಾಸ್ ಕಡೆಗೆ ಸಾಲುಗಟ್ಟುತ್ತವೆ. ಜೆಪೆಗ್, ಡಿಎನ್‌ಜಿ ಆದರೆ ಫೈಲಿನೊಳಗೇ ಬರೆಯುವುದರಿಂದ ಬ್ಯಾಕಪ್ ಸಾಫ್ಟ್‌ವೇರ್‌ಗೆ ಎಲ್ಲವೂ ಹೊಸದಾಗಿ ಕಾಣುತ್ತವೆ. ಕೆಲಸ ಮುಗಿದ ದಿನ ಎಲ್ಲ ಆರಿಸಿ ಕಂಟ್ರೋಲ್ ಎಸ್ ಒತ್ತಿದರೆ ಒಂದೇ ಸಲಕ್ಕೆ ಬರೆದುಕೊಳ್ಳುತ್ತದೆ.

ಬೇರೆ ಸಾಫ್ಟ್‌ವೇರ್ ಬಳಸುವವರಿಗೂ ಸೂತ್ರ ಇದೇ, ಜಾಗಗಳು ಬೇರೆ. ಕ್ಯಾಪ್ಚರ್ ಒನ್‌ನಲ್ಲಿ ಸೆಷನ್ ಆಗಿ ಕೆಲಸ ಮಾಡಿದರೆ ಪ್ರತಿ ಫೋಟೊ ಫೋಲ್ಡರಿನೊಳಗೆ ಒಂದು ಕ್ಯಾಪ್ಚರ್‌ಒನ್ ಫೋಲ್ಡರ್ ಹುಟ್ಟಿ ಕ್ಯಾಶ್ ಅದರಲ್ಲೇ ಸೇರುತ್ತದೆ. ಅಂದರೆ ಫೋಟೊ ನ್ಯಾಸ್‌ನಲ್ಲಿದ್ದರೆ ಕ್ಯಾಶೂ ನ್ಯಾಸ್‌ನಲ್ಲೇ. ಅವರು ಸೆಷನ್ನನ್ನು ಇಲ್ಲೇ ಮುಗಿಸಿ ಆಮೇಲೆ ಸಾಗಿಸುವುದು ವಾಸಿ. ಡಾರ್ಕ್‌ಟೇಬಲ್‌ನಲ್ಲಿ ಲೋಕಲ್ ಕಾಪಿ ಎಂಬ ಚೊಕ್ಕ ಏರ್ಪಾಡಿದೆ: ಬೇಕಾದ ಫೋಟೊಗಳನ್ನು ಇಲ್ಲಿಗೆ ತಂದುಕೊಂಡು, ಮುಗಿದ ಮೇಲೆ ರೀಸಿಂಕ್ ಒತ್ತಿದರೆ ಬದಲಾವಣೆ ಅಲ್ಲಿಗೆ ಸೇರುತ್ತದೆ. ಡಿಜಿಕ್ಯಾಮ್‌ಗೂ ಎಸ್‌ಕ್ಯೂಲೈಟ್ ಡೇಟಾಬೇಸ್ ಇಲ್ಲೇ ಇರಬೇಕು. ಹಂಚಿಕೊಳ್ಳಲೇಬೇಕಾದರೆ ಮರಿಯಾಡಿಬಿ ಎಂಬ ಸರ್ವರ್ ಡೇಟಾಬೇಸಿಗೆ ಬದಲಾಯಿಸುವ ಆಯ್ಕೆ ಅದರಲ್ಲಿದೆ.

ಫೋಟೊಶಾಪ್ ಬೇರೆಯೇ ಜಾತಿ. ಫೋಟೊಶಾಪ್ ಕೆಲಸ ಒಳಗಿನ ಡಿಸ್ಕಿನ ಮೇಲೇ ಆಗಲಿ ಎಂದು ಅಡೋಬಿಯೇ ಹೇಳುತ್ತದೆ. 12×36 ಇಂಚಿನ ಆಲ್ಬಮ್ ಶೀಟನ್ನು 300 ಡಿಪಿಐನಲ್ಲಿ ತೆರೆದರೆ 3600×10800 ಪಿಕ್ಸೆಲ್, 8 ಬಿಟ್‌ನಲ್ಲಿ ಒಂದೇ ಲೇಯರಿಗೆ 117 ಎಂಬಿ. ಹಿನ್ನೆಲೆ, ಮಾಸ್ಕ್, ಆರು ಫೋಟೊ, ಹೂವಿನ ಪಿಎನ್‌ಜಿ ಸೇರಿದರೆ ಪಿಎಸ್‌ಡಿ 800 ಎಂಬಿ ಆಗುವುದು ದೊಡ್ಡ ಮಾತಲ್ಲ. ಅದನ್ನು ಸೇವ್ ಮಾಡಲು ಗಿಗಾಬಿಟ್‌ನಲ್ಲಿ ಏಳೆಂಟು ಸೆಕೆಂಡು, 100 ಮೆಗಾಬಿಟ್‌ನಲ್ಲಿ ಒಂದು ನಿಮಿಷಕ್ಕೂ ಮೇಲೆ. 40 ಶೀಟಿನ ಆಲ್ಬಮ್, ಒಂದೊಂದನ್ನು ಹತ್ತು ಸಲ ಸೇವ್. ಪಿಎಸ್‌ಡಿ ಕಂಪ್ರೆಶನ್ ನಿಲ್ಲಿಸಿದರೆ ಸೇವ್ ಬೇಗ ಆಗುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಒಳಗಿನ ಎಸ್‌ಎಸ್‌ಡಿಗೆ ಅದು ನಿಜ. ನೆಟ್‌ವರ್ಕಿಗೆ ತಿರುಗುಮುರುಗು: ಫೈಲು ಉಬ್ಬಿ ವೈರಿನಲ್ಲಿ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಆಲ್ಬಮ್ ಫೋಲ್ಡರನ್ನು ಬೆಳಿಗ್ಗೆ ಇಲ್ಲಿಗೆ ತಂದು, ಸಂಜೆ ವಾಪಸ್ ಕಳಿಸಿ. ಫೋಟೊಶಾಪ್ ತಾತ್ಕಾಲಿಕ ಫೈಲು ಇಟ್ಟುಕೊಳ್ಳುವ ಸ್ಕ್ರ್ಯಾಚ್ ಡಿಸ್ಕೂ ಒಳಗಿನ ಎಸ್‌ಎಸ್‌ಡಿಯೇ ಆಗಿರಲಿ, ಕಡಿಮೆಯೆಂದರೆ 100 ಜಿಬಿ ಖಾಲಿ ಇಟ್ಟು. ಓಪನ್ ಒತ್ತಿದಾಗ ಅರ್ಧ ನಿಮಿಷ ಏನೂ ಕಾಣದಿದ್ದರೆ ಈಗ ಇಲ್ಲದ ಯಾವುದೋ ಹಳೆಯ ನ್ಯಾಸ್‌ನ ಡ್ರೈವ್ ಅಕ್ಷರ ವಿಂಡೋಸ್‌ನಲ್ಲಿ ಉಳಿದಿದೆಯೇ ನೋಡಿ, ಇದ್ದರೆ ಡಿಸ್‌ಕನೆಕ್ಟ್ ಮಾಡಿ.

ಕರೆಂಟಿನ ಮಾತು ಬಿಡುವಂತಿಲ್ಲ. ಕಂಪ್ಯೂಟರಿಗೆ ಯುಪಿಎಸ್ ಇರುತ್ತದೆ, ನ್ಯಾಸ್‌ಗೂ ಇರುತ್ತದೆ. ನಡುವಿನ ಪುಟ್ಟ ಸ್ವಿಚ್ಚಿನ ಅಡಾಪ್ಟರ್ ಮಾತ್ರ ನೇರ ಗೋಡೆಯ ಸಾಕೆಟ್‌ನಲ್ಲಿರುತ್ತದೆ. ಕರೆಂಟು ಕಣ್ಣು ಮಿಟುಕಿಸಿದರೆ ಸಾಕು, ಸ್ವಿಚ್ ಆರಿ ಹೊತ್ತುತ್ತದೆ. ಕಂಪ್ಯೂಟರಿಗೂ ನ್ಯಾಸ್‌ಗೂ ಏನಾಯಿತೆಂದೇ ತಿಳಿಯುವುದಿಲ್ಲ. ಸೇವ್ ಆಗುತ್ತಿದ್ದ ಪಿಎಸ್‌ಡಿ ಅರ್ಧಕ್ಕೆ ನಿಂತು ಫೋಟೊಶಾಪ್ ಹೆಪ್ಪುಗಟ್ಟುತ್ತದೆ. "ಆಗಾಗ ಸುಮ್‌ಸುಮ್ನೆ ಹ್ಯಾಂಗ್ ಆಗುತ್ತೆ, ಆಮೇಲೆ ತಾನೇ ಸರಿಹೋಗುತ್ತೆ" ಅನ್ನುವ ದೂರಿದ್ದರೆ ಸ್ವಿಚ್ಚಿನ ವೈರು ಎಲ್ಲಿಗೆ ಹೋಗಿದೆ ಎಂದು ಮೇಜಿನ ಕೆಳಗೆ ಬಗ್ಗಿ ನೋಡಿ. ಅದು ಎಳೆಯುವ ಕರೆಂಟು ಐದಾರು ವ್ಯಾಟ್. ಅದೇ ಯುಪಿಎಸ್‌ಗೆ ಚುಚ್ಚಿ.

ನ್ಯಾಸ್ ಒಳಗೂ ಕಾರಣಗಳಿವೆ. ಡಿಸ್ಕ್ ಮಲಗಿಸುವ ಆಯ್ಕೆ 20 ನಿಮಿಷಕ್ಕಿದ್ದರೆ ಟೀ ಕುಡಿದು ಬಂದ ಮೇಲಿನ ಮೊದಲ ಫೋಟೊಗೆ ಹತ್ತು ಸೆಕೆಂಡಿಗೂ ಹೆಚ್ಚು ಕಾಯಬೇಕು. ಕೆಲಸದ ಹೊತ್ತಿನಲ್ಲಿ ಅದನ್ನು ತೆಗೆದುಬಿಡಿ. ಹೊಸ ಫೋಟೊ ಹಾಕಿದ ಕೂಡಲೇ ನ್ಯಾಸ್ ತನ್ನದೇ ಥಂಬ್‌ನೇಲ್, ಮುಖ ಗುರುತಿಸುವ ಕೆಲಸ ಶುರುಮಾಡುತ್ತದೆ. ಅದನ್ನು ರಾತ್ರಿಗೆ ಹಾಕಿ, ಅಥವಾ ಎಡಿಟಿಂಗ್ ಫೋಲ್ಡರಿಗೆ ಬೇಡವೆನ್ನಿ. ತಿರುಗುವ ಡಿಸ್ಕಿನಲ್ಲಿ ಇಬ್ಬರು ಒಟ್ಟಿಗೆ ಓದಿದರೆ ವೇಗ ಅರ್ಧಕ್ಕಲ್ಲ, ಅದಕ್ಕೂ ಕೆಳಗೆ ಬೀಳಬಹುದು, ಏಕೆಂದರೆ ಡಿಸ್ಕ್ ಓದುವ ಮುಳ್ಳು ಅಲ್ಲಿಗೂ ಇಲ್ಲಿಗೂ ನೆಗೆಯಬೇಕು. ಡಿಸ್ಕ್ ಕೊಳ್ಳುವಾಗ ಎಸ್‌ಎಂಆರ್ ಬೇಡ, ಸಿಎಂಆರ್ ಎಂದು ಕೇಳಿ ತಗೊಳ್ಳಿ. ಎಸ್‌ಎಂಆರ್‌ನಲ್ಲಿ ಪಟ್ಟಿಗಳು ಹೆಂಚಿನಂತೆ ಒಂದರ ಮೇಲೊಂದು ಹಾಸಿರುವುದರಿಂದ ತಿದ್ದಿ ಬರೆಯುವಾಗ ಅಕ್ಕಪಕ್ಕದ್ದನ್ನೂ ಮತ್ತೆ ಬರೆಯಬೇಕಾಗುತ್ತದೆ. ಆಂಟಿವೈರಸ್ ನೆಟ್‌ವರ್ಕ್ ಫೈಲುಗಳನ್ನೂ ಜಾಲಾಡುತ್ತಿದ್ದರೆ ಅದೂ ಒಂದು ಹೊರೆ.

ನೆಟ್‌ವರ್ಕಿನಲ್ಲಿ ಒಂದು ಸಲಕ್ಕೆ ದೊಡ್ಡ ಕಟ್ಟು ಕಳಿಸುವ ಜಂಬೊ ಫ್ರೇಮ್ ಸೆಟ್ಟಿಂಗಿನ ತಂಟೆಗೆ ಹೋಗಬೇಡಿ. ದಾರಿಯಲ್ಲಿನ ಎಲ್ಲ ಸಾಧನಗಳಲ್ಲೂ ಒಂದೇ ಅಳತೆ ಇರಬೇಕು, ಒಂದು ತಪ್ಪಿದರೆ ಸಣ್ಣ ಫೈಲು ತೆರೆದು ದೊಡ್ಡದು ನಿಂತುಬಿಡುವ ವಿಚಿತ್ರ ರೋಗ ಬರುತ್ತದೆ. ನ್ಯಾಸ್‌ಗೆ ಸೇರಿಸುವ ಎಸ್‌ಎಸ್‌ಡಿ ಕ್ಯಾಶ್ ಕೂಡ ಮೊದಲ ಸಲ ಓದುವ ಹೊಸ ಮದುವೆಯ ಫೋಟೊಗಳಿಗೆ ಹೆಚ್ಚು ನೆರವಾಗದು. ಗಿಗಾಬಿಟ್ ಗ್ರಾಫು ನಿಜವಾಗಿಯೂ ಹಲಗೆಯಾಗಿ ನಿಲ್ಲುತ್ತಿದ್ದರೆ 2.5 ಗಿಗಾಬಿಟ್‌ಗೆ ಹೋಗಿ. ಈಗಿರುವ ಕ್ಯಾಟ್ 5ಇ ವೈರೇ ಸಾಕು.

ಇಬ್ಬರು ಎಡಿಟರ್‌ಗಳು ಒಂದೇ ಮದುವೆಯನ್ನು ಹಂಚಿಕೊಳ್ಳುವ ಸ್ಟುಡಿಯೊಗಳಲ್ಲಿ ಎರಡೂ ಕಂಪ್ಯೂಟರಿನಲ್ಲಿ ನ್ಯಾಸ್‌ಗೆ ಒಂದೇ ಡ್ರೈವ್ ಅಕ್ಷರ ಕೊಡಿ, ಒಂದರಲ್ಲಿ ಝಡ್ ಇದ್ದು ಇನ್ನೊಂದರಲ್ಲಿ ವೈ ಇದ್ದರೆ ಕ್ಯಾಟಲಾಗ್ ಆಚೀಚೆ ಹೋದಾಗ ಫೋಲ್ಡರುಗಳ ಮೇಲೆಲ್ಲ ಪ್ರಶ್ನೆ ಚಿಹ್ನೆ ಬರುತ್ತದೆ. ಬಂದೇಬಿಟ್ಟರೆ ಮೇಲಿನ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಫೈಂಡ್ ಮಿಸ್ಸಿಂಗ್ ಫೋಲ್ಡರ್ ಎಂದು ಹೊಸ ಜಾಗ ತೋರಿಸಿ. ಹಂಚುವಾಗ ಆರತಕ್ಷತೆಯ ಫೋಟೊಗಳನ್ನಷ್ಟೇ ಆರಿಸಿ ಎಕ್ಸ್‌ಪೋರ್ಟ್ ಆ್ಯಸ್ ಕ್ಯಾಟಲಾಗ್ ಕೊಡಿ. ನೆಗೆಟಿವ್ ಫೈಲುಗಳ (ಮೂಲ ಫೋಟೊಗಳ) ಗುರುತು ತೆಗೆದು, ಸ್ಮಾರ್ಟ್ ಪ್ರಿವ್ಯೂ ಗುರುತು ಉಳಿಸಿ. ಆ ಪುಟ್ಟ ಕ್ಯಾಟಲಾಗನ್ನು ಇನ್ನೊಬ್ಬರು ತಮ್ಮ ಎಸ್‌ಎಸ್‌ಡಿಯಲ್ಲಿಟ್ಟು ಮುಗಿಸಿ ವಾಪಸ್ ಕೊಟ್ಟಾಗ ಇಂಪೋರ್ಟ್ ಫ್ರಮ್ ಅನದರ್ ಕ್ಯಾಟಲಾಗ್ ಒತ್ತಿ, ಈಗಾಗಲೇ ಇರುವ ಫೋಟೊಗಳಿಗೆ ಮೆಟಾಡೇಟಾ ಮತ್ತು ಡೆವಲಪ್ ಸೆಟ್ಟಿಂಗ್ಸ್ ಮಾತ್ರ ಬದಲಿಸು ಎಂದು ಆರಿಸಿ. ಅಲ್ಲೇ ಕೆಳಗೆ ಹಳೆಯ ಸೆಟ್ಟಿಂಗನ್ನು ವರ್ಚುವಲ್ ಕಾಪಿಯಾಗಿ ಉಳಿಸುವ ಗುರುತೊಂದಿದೆ. ಅದು ಹಾಗೇ ಇದ್ದರೆ ಆರತಕ್ಷತೆಯ ಫೋಟೊಗಳು ಗ್ರಿಡ್‌ನಲ್ಲಿ ಎರಡೆರಡಾಗಿ ಕೂರುತ್ತವೆ, ತೆಗೆದು ಮುಂದುವರಿಯಿರಿ.